ಅರ್ಧಕ್ಕೆ ನಿಂತ ಬಾವುಟ

ಹೆಸ್ಟ್‌ವಿಕ್ ಊರಿನಲ್ಲಿ ಕ್ಷಮೆ ಕೇಳುವ ರೂಢಿ ಇಲ್ಲ. ಹಾಗೆಂದು ಅಲ್ಲಿ ಯಾರೂ ತಪ್ಪು ಮಾಡುವುದಿಲ್ಲ ಎಂದಲ್ಲ. ಚಳಿಗಾಲ ಅಷ್ಟು ಉದ್ದ ಇರುವಾಗ ತಪ್ಪು ಮಾಡಲು ಬೇಕಾದಷ್ಟು ಬಿಡುವು ಸಿಗುತ್ತದೆ. ಆದರೆ ತಪ್ಪು ಮಾಡಿದವನು ಮಾರನೇ ದಿನ ಎದುರು ಮನೆಯ ದಾರಿಯ ಹಿಮ ಎತ್ತಿ ಹಾಕುತ್ತಾನೆ, ಇಲ್ಲವೇ ಒಂದು ಮೀನು ತಂದು ಅವರ ಬಾಗಿಲಿಗೆ ತೂಗುಹಾಕಿ ಹೋಗುತ್ತಾನೆ. ಅಲ್ಲಿಗೆ ಮುಗಿಯಿತು. ಆದ್ದರಿಂದ ಹಿಲ್ಮಾರ್ ತನ್ನ ಹೆಂಡತಿಯ ಕ್ಷಮೆ ಕೇಳಬೇಕಾಗಿ ಬಂದಾಗ ಬಾಯಿ ತೆರೆಯದೆ ಬಾವುಟ ಏರಿಸಲು ಹೊರಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯ ಶುರುವಾದದ್ದು ಬಾವುಟ ಅರ್ಧ ಏರಿದ ಮೇಲೆ.

ಹಿಲ್ಮಾರ್ ಮೀನಿನ ಕಾರ್ಖಾನೆಯಿಂದ ನಿವೃತ್ತನಾದವನು. ನಿವೃತ್ತನಾದ ಗಂಡಸಿಗೆ ಚಳಿಗಾಲದಲ್ಲಿ ಒಂದು ಹವ್ಯಾಸ ಇರಬೇಕು, ಇಲ್ಲದಿದ್ದರೆ ಹೆಂಡತಿಯ ಕಾಲಿಗೆ ತೊಡರಿಕೊಳ್ಳುತ್ತಾನೆ ಎಂದು ಎಲ್ಲರೂ ಹೇಳಿದರು. ಕೆಲವರು ಮರ ಕೆತ್ತುತ್ತಾರೆ, ಕೆಲವರು ಬಲೆ ಹೆಣೆಯುತ್ತಾರೆ. ಹಿಲ್ಮಾರ್ ಚೂರುಚಿತ್ರ ಹಿಡಿದ. ಒಂದು ದೊಡ್ಡ ಚಿತ್ರವನ್ನು ಸಾವಿರಾರು ಚೂರು ಮಾಡಿ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಕೊಂಡವನು ಕೂತು ಅದನ್ನು ಮೊದಲಿದ್ದಂತೆ ಜೋಡಿಸಬೇಕು. "ಸರಿಯಾಗೇ ಇದ್ದಿದ್ದನ್ನ ಯಾಕೆ ಚೂರು ಮಾಡಿದ್ರು?" ಎಂದು ಅವನ ಹೆಂಡತಿ ಗುನ್ವೋರ್ ಒಮ್ಮೆ ಕೇಳಿದ್ದಳು. ಹಿಲ್ಮಾರ್ ಅಂಥ ಪ್ರಶ್ನೆಗಳಿಗೆ ಉತ್ತರ ಕೊಡುವವನಲ್ಲ.

ಆ ವರ್ಷದ ಚಿತ್ರದಲ್ಲಿ ಮರುಭೂಮಿಯಿತ್ತು, ಒಂದು ಒಂಟೆಯಿತ್ತು. ಉಳಿದದ್ದೆಲ್ಲ ಮರಳು. ಮೊದಲ ಹಿಮ ಬಿದ್ದಾಗ ಊಟದ ಮೇಜು ಹತ್ತಿದ ಮರುಭೂಮಿ ಕ್ರಿಸ್‌ಮಸ್ ಬಂದು ಹೋದರೂ ಇಳಿಯಲಿಲ್ಲ. ಗುನ್ವೋರ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದಳು. ಬಾಗಿಲು ತೆರೆದರೆ "ಗಾಳಿ!" ಎಂದು ಹಿಲ್ಮಾರ್ ಕೂಗುತ್ತಿದ್ದ. ಸೀನಿದರೆ ಎರಡೂ ಕೈಗಳಿಂದ ಮರಳನ್ನು ಮುಚ್ಚುತ್ತಿದ್ದ. ಕೊನೆಗೆ ಫೆಬ್ರವರಿಯಲ್ಲಿ ಇಡೀ ಚಿತ್ರ ಮುಗಿಯಿತು. ಒಂಟೆಯ ಕಣ್ಣು ಮಾತ್ರ ಸಿಗಲಿಲ್ಲ.

"ನೀನೇ ಗುಡಿಸಿ ಬಿಸಾಕಿದೀಯ," ಎಂದ ಹಿಲ್ಮಾರ್.

"ನಾನು ಮುಟ್ಟಿಲ್ಲ."

"ಕಸ ಎಳೆಯೋ ಯಂತ್ರದ ಚೀಲ ತೆಗ್ದು ತೋರ್ಸು ಹಾಗಾದ್ರೆ."

ಗುನ್ವೋರ್ ಸುಮ್ಮನೆ ಹೋಗಿ ಚೀಲ ಬಿಚ್ಚಿ ತಂದಳು. ಅದನ್ನು ಮೇಜಿನ ನಡುವೆ ಬೋರಲು ಹಾಕಿದಳು. ಮರುಭೂಮಿಯ ಮೇಲೆ ಧೂಳಿನ ಬಿರುಗಾಳಿ ಎದ್ದು ಒಂಟೆ ಕಾಣದಂತಾಯಿತು. "ಹುಡುಕ್ಕೋ," ಎಂದಳು. ಆಮೇಲೆ ಕೊಲ್ಲಿಯ ಆಚೆ ದಡದಲ್ಲಿರುವ ಅಕ್ಕ ಬೋರ್ಗಿಲ್ಡ್‌ಗೆ ಫೋನು ಮಾಡಿದಳು. ಭಾವ ತನ್ನ ಮೀನಿನ ದೋಣಿ ತಂದ. ಹಿಮ ಎಷ್ಟು ದಟ್ಟವಾಗಿ ಬೀಳುತ್ತಿತ್ತೆಂದರೆ ಅವಳು ಹೋದದ್ದನ್ನು ಊರಿನಲ್ಲಿ ಒಂದು ಬೆಕ್ಕೂ ನೋಡಲಿಲ್ಲ.

ಅಂದು ಸಂಜೆ ಸ್ವೆಟರ್ ಕಳಚುವಾಗ ಹಿಲ್ಮಾರ್‌ಗೆ ಕಣ್ಣು ಸಿಕ್ಕಿತು. ಅದು ಅವನ ಮೊಣಕೈಯ ಉಣ್ಣೆಗೆ ಸಿಕ್ಕಿಕೊಂಡು ಇಡೀ ಜಗಳವನ್ನು ಹತ್ತಿರದಿಂದ ನೋಡಿತ್ತು.

ಮರುದಿನ ಅಂಗಡಿಯ ಮಗ್ಡಾ ಬಾಗಿಲು ತಟ್ಟಿ, "ಗುನ್ವೋರ್ ಹೆಣಿಗೆ ಕೂಟಕ್ಕೆ ಬರ್ಲಿಲ್ಲ, ಯಾಕೆ?" ಎಂದು ಕೇಳಿದಳು. ಒಂಟೆಯ ಕಣ್ಣಿನ ದೆಸೆಯಿಂದ ಹೆಂಡತಿ ಬಿಟ್ಟುಹೋದಳು ಎಂದು ಯಾವ ಗಂಡಸು ತಾನೇ ಹೇಳಿಯಾನು?

"ಹುಷಾರಿಲ್ಲ. ಮಲಗಿದಾಳೆ," ಎಂದ ಹಿಲ್ಮಾರ್.

"ಹೋದ ಸಲ ಅವಳ ಕೆಮ್ಮು ಕೇಳ್ದಾಗ್ಲೇ ಅಂದ್ಕೊಂಡೆ," ಎಂದು ಮಗ್ಡಾ ತಲೆ ಅಲ್ಲಾಡಿಸುತ್ತ ಹೋದಳು. ಮುಂದಿನ ಸಲ ಅವಳು ಸಾರು ತಂದಾಗ ಹಿಲ್ಮಾರ್ ಬಾಗಿಲನ್ನು ಗೇಣಗಲ ತೆರೆದು, "ನಿದ್ದೆ ಮಾಡ್ತಿದಾಳೆ," ಎಂದು ಸಾರು ಇಸಿದುಕೊಂಡ. ಸಾರು ಚೆನ್ನಾಗಿತ್ತು.

ಹೀಗಿರುವಾಗ ಗುನ್ವೋರಳ ಹುಟ್ಟುಹಬ್ಬ ಬಂತು. ಮದುವೆಯಾದಂದಿನಿಂದ ಹಿಲ್ಮಾರ್ ಆ ದಿನವನ್ನು ಮರೆಯುತ್ತ ಬಂದಿದ್ದ. ಅವಳು ಎದುರಿಗಿಲ್ಲದ ಈ ವರ್ಷ ತಾನಾಗಿ ನೆನಪಾಯಿತು. ಆ ಊರಿನಲ್ಲಿ ಹುಟ್ಟುಹಬ್ಬಕ್ಕೆ ಮನೆಯ ಮುಂದಿನ ಕಂಬಕ್ಕೆ ಬಾವುಟ ಏರಿಸುತ್ತಾರೆ. ಬೋರ್ಗಿಲ್ಡ್‌ಳ ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಹಿಲ್ಮಾರ್‌ನ ಕಂಬ ನೇರ ಕಾಣುತ್ತದೆ, ಮೇಲಾಗಿ ಆ ಮನೆಯಲ್ಲಿ ಒಂದು ದುರ್ಬೀನೂ ಇದೆ. ಇನ್ನೇನು ಬೇಕು? ಅವಳು ನೋಡುತ್ತಾಳೆ, ಕರಗುತ್ತಾಳೆ, ಬರುತ್ತಾಳೆ. ಹಿಲ್ಮಾರ್‌ಗೆ ತನ್ನ ಬುದ್ಧಿಯ ಬಗ್ಗೆ ತನಗೇ ಗೌರವ ಬಂತು.

ಬೆಳಿಗ್ಗೆ ಬಾವುಟ ಕಟ್ಟಿ ಎಳೆದ. ಅದು ಸರಸರನೆ ಅರ್ಧ ಕಂಬ ಏರಿ ನಿಂತಿತು. ಚಳಿಗಾಲದಲ್ಲಿ ಹಗ್ಗ ಬಿಚ್ಚಿ ಒಳಗಿಡಬೇಕು, ಹಿಲ್ಮಾರ್ ಇಟ್ಟಿರಲಿಲ್ಲ. ಹಗ್ಗದ ಮೇಲೆ ಗಟ್ಟಿಯಾಗಿದ್ದ ಮಂಜುಗಡ್ಡೆಯ ಉಂಡೆ ಹೋಗಿ ತುದಿಯ ರಾಟೆಯಲ್ಲಿ ಸಿಕ್ಕಿಕೊಂಡಿತು. ಎಳೆದ, ಬರಲಿಲ್ಲ. ಇಳಿಸಲು ನೋಡಿದ, ಇಳಿಯಲಿಲ್ಲ. ಕಂಬವನ್ನು ಒದ್ದ, ಕಾಲು ನೋಯಿತು. ಒಳಗಿನಿಂದ ಕುದಿಯುವ ನೀರು ತಂದು ಹಗ್ಗಕ್ಕೆ ಸುರಿದ. ಅಂಥ ಚಳಿಯಲ್ಲಿ ನೀರು ಸುರಿದರೆ ಏನಾಗುತ್ತದೆಂದು ಹೆಸ್ಟ್‌ವಿಕ್‌ನ ಹಸುಗೂಸಿಗೂ ಗೊತ್ತು. ಹಗ್ಗ ಕಬ್ಬಿಣದ ಸಲಾಕೆಯಾಯಿತು.

ಕಂಬದ ಅರ್ಧಕ್ಕೆ ನಿಂತ ಬಾವುಟ ಎಂದರೆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ಇದು ಹಿಲ್ಮಾರ್‌ಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಅವನ ತಲೆಯಲ್ಲಿ ಆಗ ಹಗ್ಗ ಬಿಟ್ಟರೆ ಬೇರೇನೂ ಇರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಕಾರ್ಸ್ತೆನ್ ಹಿಮದಲ್ಲಿ ಮೊಳಕಾಲುದ್ದ ಹೂತುಕೊಳ್ಳುತ್ತ ಬರುವುದು ಕಾಣಿಸಿತು.

ಕಾರ್ಸ್ತೆನ್ ಹಿಂದೆ ಬಂದರಿನ ಅಧಿಕಾರಿಯಾಗಿದ್ದವನು. ಈಗ ಅಧಿಕಾರ ನಡೆಸಲು ಹಡಗುಗಳಿಲ್ಲದ ಕಾರಣ ಊರಿನ ಬಾವುಟಗಳ ಮೇಲೆ ನಡೆಸುತ್ತಿದ್ದ. ಯಾರ ಬಾವುಟ ಸೂರ್ಯ ಮುಳುಗಿದ ಮೇಲೂ ಹಾರುತ್ತಿದೆ, ಯಾರದು ನೆಲಕ್ಕೆ ತಾಕಿತು, ಎಲ್ಲ ಅವನಿಗೆ ಬೇಕು. 'ಹಗ್ಗ ಹೊರಗೆ ಬಿಟ್ಟೆಯಾ?' ಎಂದು ಕೇಳಿದನೆಂದರೆ ಮುಗಿಯಿತು, ಈಸ್ಟರ್‌ವರೆಗೂ ಊರೆಲ್ಲ ಅದೇ ಮಾತು.

ಆದರೆ ಕಾರ್ಸ್ತೆನ್ ಬೈಯಲಿಲ್ಲ. ಬಂದು ಎದುರಿಗೆ ನಿಂತು ಟೋಪಿ ತೆಗೆದ. ಕಾರ್ಸ್ತೆನ್‌ನ ಬೋಳುತಲೆಯನ್ನು ಹಿಲ್ಮಾರ್ ನೋಡಿದ್ದು ಅದೇ ಮೊದಲು. ಅದರಿಂದ ಹಬೆ ಏಳುತ್ತಿತ್ತು.

"ಹಿಲ್ಮಾರ್, ಇಂಥ ಹೊತ್ನಲ್ಲಿ ಕೇಳ್ಬಾರ್ದು. ಆದ್ರೂ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮೊದ್ಲು ತುದಿವರೆಗೂ ಏರ್ಸಿ, ಆಮೇಲೆ ತಾನೆ ಅರ್ಧಕ್ಕೆ ಇಳಿಸಿದ್ದು?"

ಕ್ರಮ ಹಾಗೆ. ಹಿಲ್ಮಾರ್‌ಗೆ ಬದುಕುವ ದಾರಿ ಕಂಡಿತು.

"ಹೂಂ," ಎಂದ.

"ಸರಿ. ಇಷ್ಟು ದುಃಖದಲ್ಲೂ ಕ್ರಮ ಬಿಡ್ಲಿಲ್ಲ ನೀನು." ಕಾರ್ಸ್ತೆನ್ ಅವನ ಭುಜ ಹಿಸುಕಿದ. ಮುಚ್ಚಿದ್ದ ಕಿಟಕಿಯ ಪರದೆ ನೋಡಿದ, ಹಿಮದಲ್ಲಿ ಹೂತಿದ್ದ ಗುನ್ವೋರಳ ಜಾರುಬಂಡಿ ನೋಡಿದ, ಮೂಗು ಒರೆಸಿಕೊಂಡು ಹೋದ. ಆ ಊರಿನಲ್ಲಿ ಅರ್ಧಕ್ಕೆ ನಿಂತ ಬಾವುಟ ಕಂಡರೆ ಯಾರು ಸತ್ತರು ಎಂದು ಕೇಳುವುದಿಲ್ಲ. ಯಾರು ಕಾಣುತ್ತಿಲ್ಲ ಎಂದು ನೋಡುತ್ತಾರೆ, ಅಷ್ಟೇ.

ಬೈಗುಳ ತಪ್ಪಿದ ಖುಷಿಯಲ್ಲಿ ಹಿಲ್ಮಾರ್ ಒಳಗೆ ಬಂದು ಕಾಫಿಗಿಟ್ಟ. ಕಾಫಿ ಉಕ್ಕುವ ಹೊತ್ತಿಗೆ ಕಿಟಕಿಯಿಂದ ನೋಡುತ್ತಾನೆ: ಕಾರ್ಸ್ತೆನ್‌ನ ಮನೆಯ ಬಾವುಟ ಏರಿತು, ಅರ್ಧಕ್ಕೆ ಇಳಿಯಿತು. ಆಮೇಲೆ ಅಂಗಡಿಯದು. ಆಮೇಲೆ ಶಾಲೆಯದು. ದಡದುದ್ದಕ್ಕೂ ಒಂದೊಂದೇ ಬಾವುಟ ಏರಿ, ಅರ್ಧಕ್ಕೆ ಇಳಿದು ನಿಂತಿತು.

"ಅಯ್ಯೋ, ಯಾರೋ ಸತ್ತಿದಾರೆ!" ಎಂದ ಹಿಲ್ಮಾರ್ ಒಬ್ಬನೇ.

ಎಲ್ಲ ಈಗ ಹೊಂದಿಕೊಂಡಿತು. ಕಾರ್ಸ್ತೆನ್ ಟೋಪಿ ತೆಗೆದದ್ದು ಅದಕ್ಕೇ. ಸತ್ತವರು ಊರಿಗೇ ಬೇಕಾದವರು ಇರಬೇಕು. ತನ್ನ ಬಾವುಟ ತಾನಾಗಿಯೇ ಸರಿಯಾದ ಜಾಗದಲ್ಲಿ ನಿಂತಿದೆ. ಅಷ್ಟೇ ಅಲ್ಲ, ಊರಿನಲ್ಲಿ ಎಲ್ಲರಿಗಿಂತ ಮೊದಲು ಏರಿಸಿದವನು ತಾನು. ಹಿಲ್ಮಾರ್‌ಗೆ ಸ್ವಲ್ಪ ಹೆಮ್ಮೆಯೂ ಆಯಿತು. ತೊಡಕು ಒಂದೇ: ಸತ್ತವರು ಯಾರು? ಮೊದಲು ಬಾವುಟ ಏರಿಸಿದವನೇ ಹೋಗಿ 'ಸತ್ತಿದ್ದು ಯಾರು?' ಎಂದು ಕೇಳುವುದು ಹೇಗೆ?

ಕೇಳದೆ ತಿಳಿದುಕೊಳ್ಳಬೇಕು. ಚೂರುಚಿತ್ರ ಜೋಡಿಸುವವನಿಗೆ ಅದೇನು ದೊಡ್ಡ ಕೆಲಸ! ಅವನು ಕರಿ ಸೂಟು ತೊಟ್ಟು ಅಂಗಡಿಗೆ ಹೊರಟ. ಅತ್ತ ಮನೆಯಲ್ಲಿ ಫೋನು ಬಡಿದುಕೊಂಡಿತು, ಬಡಿದುಕೊಂಡು ಬಡಿದುಕೊಂಡು ನಿಂತಿತು.

ಅಂಗಡಿಯಲ್ಲಿ ಮಾತಾಡುತ್ತಿದ್ದ ಹೆಂಗಸರೆಲ್ಲ ಅವನನ್ನು ಕಂಡದ್ದೇ ಬಾಯಿ ಮುಚ್ಚಿ ದಾರಿ ಬಿಟ್ಟರು. ಮಗ್ಡಾ ಕೌಂಟರಿನ ಹಿಂದಿನಿಂದ ಓಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಕಾಫಿಪುಡಿ ತಗೊಂಡು ಹೋಗೋಣ ಅಂತ..." ಎಂದ ಹಿಲ್ಮಾರ್.

"ನೀನ್ಯಾಕಪ್ಪ ಬರೋಕೆ ಹೋದೆ! ಹೇಳಿ ಕಳಿಸಿದ್ರೆ ಆಗ್ತಿರ್ಲಿಲ್ವಾ?"

"ದೊಡ್ಡ ನಷ್ಟ," ಎಂದ ಹಿಲ್ಮಾರ್ ಜಾಗರೂಕನಾಗಿ. ಯಾರು ಸತ್ತರೂ ಈ ಮಾತು ಒಪ್ಪುತ್ತದೆ.

"ನಷ್ಟವೇ? ಊರಿನ ಬೆನ್ನುಮೂಳೆ ಮುರೀತು ಅನ್ನು. ಅಂಥ ಹೆಂಗಸು ಇನ್ನು ಹುಟ್ಟಲ್ಲ."

ಹೆಂಗಸು! ಹಿಲ್ಮಾರ್ ಮನಸ್ಸಿನಲ್ಲಿ ಮೊದಲ ಚೂರು ಇಟ್ಟ.

"ಕುರುಡ ಪೆಡರ್ ಇದಾನಲ್ಲ," ಎಂದಳು ಇನ್ನೊಬ್ಬಳು, "ಅವನ ಮೆಟ್ಟಿಲಿನ ಹಿಮ ಯಾರು ತೆಗೀತಿದ್ರು ಅಂದ್ಕೊಂಡೆ? ದಿನಾ ಬೆಳಿಗ್ಗೆ ಇವಳೇ. ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು."

"ಒಳ್ಳೆ ಹೆಂಗಸು," ಎಂದು ಹಿಲ್ಮಾರ್ ಒಪ್ಪಿದ. ತನ್ನ ಮನೆಯ ಮೆಟ್ಟಿಲಿನ ಹಿಮ ತೆಗೆಯುವವರೇ ಇಲ್ಲ, ಇದ್ದರೆ ಅಂಥವರಿರಬೇಕು.

"ಸೂರ್ಯ ವಾಪಸ್ ಬರೋ ದಿನ ನೆನಪಿಲ್ವಾ?" ಎಂದಳು ಮಗ್ಡಾ. ಅಷ್ಟು ಉತ್ತರದಲ್ಲಿ ಚಳಿಗಾಲದ ನಡುವೆ ಸೂರ್ಯ ಹುಟ್ಟುವುದೇ ಇಲ್ಲ. ಆ ಕತ್ತಲೆಯ ತಿಂಗಳುಗಳು ಮುಗಿದು ಸೂರ್ಯ ಮೊದಲ ಸಲ ಇಣುಕುವುದು ಗುಡ್ಡದ ತುದಿಗೆ ಮಾತ್ರ ಕಾಣುತ್ತದೆ. "ಪ್ರತಿ ವರ್ಷ ಒಬ್ಳೇ ಗುಡ್ಡ ಹತ್ತಿ, ಎಲ್ರಿಗಿಂತ ಮೊದ್ಲು ನೋಡ್ಕೊಂಡು, ಕೆಳಗೆ ಬಂದು ಬಾಗಿಲು ಬಾಗಿಲು ತಟ್ಟೋಳು. 'ಬಂದ, ನೋಡ್ದೆ!' ಅಂತ. ಅಷ್ಟೇ ಹೇಳಿ ಓಡೋಳು. ಆ ಕೆನ್ನೆ ನೋಡ್ಬೇಕಿತ್ತು, ಸೂರ್ಯನ್ನ ಮುಖದಲ್ಲೇ ಹೊತ್ಕೊಂಡು ಬಂದ್ಹಾಗೆ."

ಹಿಲ್ಮಾರ್ ತಲೆದೂಗಿದ. ಇಂಥವಳು ಯಾರಿರಬಹುದು? ಶಾಲೆಯ ಮೇಡಮ್ಮೇ? ಅವಳಿಗೆ ಮಂಡಿನೋವು.

"ಮತ್ತೆ ಆ ಅಣಕ!" ಎಂದು ಮೂಲೆಯಲ್ಲಿದ್ದ ಮುದುಕಿ ಅಳುತ್ತಲೇ ನಕ್ಕಳು. "ಪಾದ್ರಿ ನಡೆಯೋದು, ಕಾರ್ಸ್ತೆನ್ ಬಾವುಟಕ್ಕೆ ಬೈಯೋದು, ಎಲ್ಲ ಮಾಡಿ ತೋರ್ಸೋಳು. ಹೆಣಿಗೆ ಕೂಟದಲ್ಲಿ ನಗು ತಡೆಯೋಕೆ ಆಗ್ದೆ ಸೂಜಿ ಕೈ ತಪ್ಪೋದು. ಅದ್ರಲ್ಲೂ ಅವಳ ಗಂಡನ್ನ ಮಾಡಿ ತೋರ್ಸಿದ್ರಂತೂ..."

ಮಗ್ಡಾ ಮುದುಕಿಯ ಕಾಲು ತುಳಿದಳು.

"ಹೇಳಿ, ಹೇಳಿ," ಎಂದ ಹಿಲ್ಮಾರ್ ಆಸೆಯಿಂದ. "ಗಂಡ ಹೆಂಗಿದ್ದ?"

"ಈಗ ಬೇಡ ಬಿಡಪ್ಪ."

"ಅಯ್ಯೋ, ಪರವಾಗಿಲ್ಲ ಹೇಳಿ. ನಗೋದ್ರಲ್ಲಿ ಏನಿದೆ? ದಡ್ಡ ಇರ್ಬೇಕು, ಅಲ್ವಾ?"

"ದುಃಖ ತಲೆಗೇರಿದೆ," ಎಂದು ಯಾರೋ ಪಿಸುಗುಟ್ಟಿದರು. ಹಿಲ್ಮಾರ್‌ಗೆ ಅದು ಕೇಳಿಸಲಿಲ್ಲ.

"ನಾನು ಅವಳನ್ನ ಅಷ್ಟಾಗಿ ಬಲ್ಲೋನಲ್ಲ," ಎಂದು ಅವನು ನಿಜವನ್ನೇ ಹೇಳಿದ. "ನೀವು ಹೇಳೋದು ಕೇಳಿದ್ರೆ, ತಿಳ್ಕೋಬೇಕಾಗಿತ್ತು ಅನ್ಸತ್ತೆ."

ಅಂಗಡಿಯ ಹೆಂಗಸರೆಲ್ಲ ಒಟ್ಟಿಗೆ ಅತ್ತುಬಿಟ್ಟರು. ಮಗ್ಡಾ ಕಾಫಿಪುಡಿಯನ್ನು ಅವನ ಜೇಬಿಗೆ ತುರುಕಿ, "ಎಂಥ ಮಾತಾಡಿದ್ಯಪ್ಪ! ಯಾವ ಗಂಡಸಿನ ಬಾಯಲ್ಲೂ ಇಂಥ ಮಾತು ಕೇಳಿಲ್ಲ ನಾನು," ಎಂದಳು.

ದಾರಿಯಲ್ಲಿ ಹಿಲ್ಮಾರ್ ಚೂರುಗಳನ್ನು ಜೋಡಿಸುತ್ತ ನಡೆದ. ಹೆಂಗಸು. ಗಟ್ಟಿಮುಟ್ಟಾದವಳು. ಗಂಡ ನಗೆಪಾಟಲಿನವನು. ಗಂಡನೇ ಮೊದಲು ಸುದ್ದಿ ಹೊತ್ತು ತಿರುಗಿರಬೇಕು, ಕಣ್ಣು ಕೆಂಪಗಾಗಿರಬೇಕು, ಟೋಪಿ... ಟೋಪಿ! ಹಿಲ್ಮಾರ್ ಹಿಮದಲ್ಲಿ ಸ್ತಬ್ಧನಾಗಿ ನಿಂತ. ಕಾರ್ಸ್ತೆನ್‌ನ ಹೆಂಡತಿ ಎಡ್ಲಾ! ಪಾಪ, ಹೆಂಡತಿ ಸತ್ತ ಗಳಿಗೆಯಲ್ಲೂ ಆ ಮನುಷ್ಯ ಬಂದು ಬಾವುಟದ ಕ್ರಮ ಕೇಳಿದನಲ್ಲ!

ಅವನು ನೇರ ಕಾರ್ಸ್ತೆನ್‌ನ ಮನೆಗೆ ಹೋದ. ಕಾರ್ಸ್ತೆನ್ ಅಂಗಳದಲ್ಲಿ ಹಿಮ ಎತ್ತುತ್ತಿದ್ದ. ಹಿಲ್ಮಾರ್ ಹೋಗಿ ಅವನನ್ನು ಅಪ್ಪಿಕೊಂಡ. ಹೆಸ್ಟ್‌ವಿಕ್‌ನ ಚರಿತ್ರೆಯಲ್ಲಿ ಇಬ್ಬರು ಗಂಡಸರು ಅಪ್ಪಿಕೊಂಡದ್ದು ಅದೇ ಮೊದಲು. ಕಾರ್ಸ್ತೆನ್ ಸನಿಕೆ ಕೈಬಿಟ್ಟ.

"ಧೈರ್ಯ ತಗೋ," ಎಂದ ಹಿಲ್ಮಾರ್.

"ನೀನು ಧೈರ್ಯ ತಗೋ," ಎಂದ ಕಾರ್ಸ್ತೆನ್.

"ನಾನಿದೀನಿ, ಹೆದರ್ಬೇಡ. ರಾತ್ರಿ ನಮ್ಮನೇಲೇ ಊಟ ಮಾಡು."

"ಅಯ್ಯೋ, ನೀನು ನಮ್ಮನೇಲಿ ಮಾಡು ಮಾರಾಯ. ನಮ್ಮ ಎಡ್ಲಾ ಮೀನಿನ ಸಾರಿಗೆ ಇಟ್ಟಿದಾಳೆ."

"ಎಡ್ಲಾನಾ?"

ಎಡ್ಲಾ ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಬಂದಳು. ಹಿಲ್ಮಾರ್ ಅವಳನ್ನು ಮೇಲಿಂದ ಕೆಳಗೆ ನೋಡಿದ. ಸತ್ತವಳಂತೂ ಅಲ್ಲ, ದಪ್ಪಗೆ ಗಟ್ಟಿಯಾಗಿ ಇದ್ದಳು. "ಓ, ಚೆನ್ನಾಗಿದೀಯಾ?" ಎಂದ, ಸ್ವಲ್ಪ ನಿರಾಸೆಯಿಂದ. ಎಡ್ಲಾ ಸೆರಗಿಲ್ಲದ ಊರಿನವಳಾದ್ದರಿಂದ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು.

"ಇಂಥ ದಿನವೂ ನನ್ನನ್ನ ವಿಚಾರಿಸ್ತೀಯಲ್ಲಪ್ಪ! ನಡಿ, ನಿನ್ನ ಮನೇಲಿ ಜನ ಸೇರ್ತಿದಾರೆ. ನಾನೂ ವಾಫಲ್ ತರ್ತೀನಿ."

ಎಲ್ಲರೂ ತನ್ನ ಮನೆಯಲ್ಲೇ ಯಾಕೆ ಸೇರುತ್ತಿದ್ದಾರೆ? ಮೊದಲು ಬಾವುಟ ಏರಿಸಿದವನ ಮನೆಯಲ್ಲಿ ಕಾಫಿ ಕುಡಿಯುವ ಯಾವುದೋ ಹಳೆಯ ಪದ್ಧತಿ ಇರಬೇಕು, ಕಾರ್ಸ್ತೆನ್‌ನ ಕ್ರಮಗಳಿಗೆ ಕೊನೆಯೆಲ್ಲಿದೆ ಎಂದುಕೊಂಡ ಹಿಲ್ಮಾರ್.

ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲಿ ಒದ್ದೆ ಬೂಟುಗಳ ರಾಶಿ. ಮೇಜಿನ ಮೇಲಿನ ಒಂಟೆ ಮರುಭೂಮಿ ಸಮೇತ ಬಾದಾಮಿ ಕೇಕುಗಳ ಅಡಿಯಲ್ಲಿ ಮಾಯವಾಗಿತ್ತು. ಮೇಣದಬತ್ತಿಗಳು ಉರಿಯುತ್ತಿದ್ದವು. ಎಲ್ಲರೂ ಸತ್ತವಳ ಬಗ್ಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು: ಯಾರದೋ ಮಗುವನ್ನು ರಾತ್ರಿಯೆಲ್ಲ ಎತ್ತಿಕೊಂಡು ಕೂತಿದ್ದಳಂತೆ, ಇಟಲಿಗೆ ಹೋಗಿ ನಿಂಬೆಮರ ನೋಡಬೇಕು ಎನ್ನುತ್ತಿದ್ದಳಂತೆ. ಹಿಲ್ಮಾರ್ ಒಬ್ಬೊಬ್ಬರ ಮಾತಿಗೂ ಕಿವಿಗೊಟ್ಟು ಕೂತ. ನೋಡನೋಡುತ್ತ ಆ ಗುರುತಿಲ್ಲದ ಹೆಂಗಸು ಅವನ ಮನಸ್ಸಿನಲ್ಲಿ ಓಡಾಡತೊಡಗಿದಳು, ಕೆನ್ನೆ ಕೆಂಪಗೆ ಮಾಡಿಕೊಂಡು, ನಗುತ್ತ. ತಾನು ಕಾಣುವ ಮೊದಲೇ ಹೋದಳಲ್ಲ ಎಂದು ಅವನು ಕೈಯಲ್ಲಿದ್ದ ಕೇಕನ್ನು ಕೆಳಗಿಟ್ಟ.

ಆಗ ಪಾದ್ರಿ ಬಂದ. ಎತ್ತರದ ಆಸಾಮಿ, ಬಾಗಿಲಿಗೆ ತಲೆ ಬಡಿದುಕೊಂಡು ಒಳಬಂದು ಹಿಲ್ಮಾರ್‌ನ ಪಕ್ಕ ಕೂತು ಅವನ ಕೈ ಹಿಡಿದ.

"ಹುಟ್ಟಿದ ದಿನವೇ ಕರೆಸ್ಕೊಂಡ, ದೇವರ ಇಚ್ಛೆ," ಎಂದ. "ಹೇಳಿ ಹಿಲ್ಮಾರ್, ನಮ್ಮ ಗುನ್ವೋರ್ ಹೋಗುವಾಗ ನೋವಿತ್ತಾ?"

ಇಷ್ಟು ಹೊತ್ತಿಗೆ ಬೇರೆ ಯಾವ ಗಂಡಸಾದರೂ ಎದ್ದು ನಿಂತು, 'ನನ್ನ ಹೆಂಡತಿ ಅಕ್ಕನ ಮನೆಯಲ್ಲಿದ್ದಾಳೆ, ಹಗ್ಗ ಸಿಕ್ಕಿಕೊಂಡಿದೆ' ಎಂದು ಹೇಳುತ್ತಿದ್ದ. ಆದರೆ ಹಿಲ್ಮಾರ್ ಸುತ್ತಲೂ ನೋಡಿದ. ಇಡೀ ಊರು ಅಳುತ್ತಿದೆ. ಪಾದ್ರಿ ಬಂದಿದ್ದಾನೆ. ಶಾಲೆಯ ಬಾವುಟವೂ ಅರ್ಧಕ್ಕಿದೆ. ಇಷ್ಟು ಜನಕ್ಕೆ ತಪ್ಪು ತಿಳಿದಿರಲು ಸಾಧ್ಯವೇ? ಆಚೆ ದಡದಲ್ಲಿ ಏನೋ ಆಗಿದೆ. ಎಲ್ಲರಿಗೂ ಗೊತ್ತಾಗಿದೆ. ತನಗೆ ಕೊನೆಯಲ್ಲಿ.

"ಗುನ್ವೋರಾ?" ಎಂದ. "ನೀವೆಲ್ಲ ಹೇಳ್ತಿದ್ದಿದ್ದು ಗುನ್ವೋರ್ ಬಗ್ಗೆನಾ?"

ಆಮೇಲೆ ಅವನು ಅತ್ತ. ಅವನಿಗೆ ಅಳಲು ಬರುತ್ತಿರಲಿಲ್ಲ, ಅಭ್ಯಾಸವಿರಲಿಲ್ಲ. ಹಳೆಯ ದೋಣಿಯ ಎಂಜಿನ್ ಚಳಿಯಲ್ಲಿ ಶುರುವಾಗುವಾಗ ಮಾಡುವ ಸದ್ದಿನಂತಿತ್ತು ಅದು. ಕಾರ್ಸ್ತೆನ್ ತಡೆಯಲಾರದೆ ಗೋಡೆಯ ಕಡೆ ತಿರುಗಿದ.

ಬಾಗಿಲು ದಡಾರನೆ ತೆರೆಯಿತು.

"ಅಯ್ಯೋ ದೇವರೇ! ಯಾವಾಗ ಹೋದ?" ಎನ್ನುತ್ತ ಗುನ್ವೋರ್ ನುಗ್ಗಿ ಬಂದಳು. ಒಂದು ಕಾಲಿಗೆ ತನ್ನ ಬೂಟು, ಇನ್ನೊಂದಕ್ಕೆ ಅಕ್ಕನದು. ಬೆಳಿಗ್ಗೆ ದುರ್ಬೀನಿನಲ್ಲಿ ತನ್ನ ಮನೆಯ ಬಾವುಟ ಅರ್ಧಕ್ಕಿರುವುದನ್ನು ಕಂಡಿದ್ದಳು. ಆಮೇಲೆ ಊರಿನ ಬಾವುಟಗಳೆಲ್ಲ ಅರ್ಧಕ್ಕೆ ಇಳಿದವು. ಫೋನು ಮಾಡಿದಳು, ಎತ್ತುವವರಿಲ್ಲ. ತನ್ನ ಗಂಡ ಸತ್ತನೆಂದು ದೋಣಿಯುದ್ದಕ್ಕೂ ಅಳುತ್ತ ಬಂದಿದ್ದಳು. ಮುಖದ ಮೇಲೆ ಕಣ್ಣೀರು ಗೆರೆಗೆರೆಯಾಗಿ ಹೆಪ್ಪುಗಟ್ಟಿತ್ತು.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಎಡ್ಲಾ ವಾಫಲ್ ತಟ್ಟೆ ಬೀಳಿಸಿದಳು. ಗುನ್ವೋರ್ ಕೈಗವುಸು ತೆಗೆದು ಅದರಿಂದಲೇ ಹಿಲ್ಮಾರ್‌ನ ತಲೆಗೆ ಹೊಡೆದಳು, ಮತ್ತೆ ಹೊಡೆದಳು, ಆಮೇಲೆ ಅವನ ಕಾಲರು ಹಿಡಿದುಕೊಂಡು ನಿಂತಳು, ಬಿಡಲಿಲ್ಲ.

ಹಗ್ಗ, ಮಂಜುಗಡ್ಡೆ, ಕುದಿಯುವ ನೀರು ಎಲ್ಲ ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲ ಕೇಳಿದ ಮೇಲೆ ಕಾರ್ಸ್ತೆನ್, "ಹಾಗಾದ್ರೆ ತುದಿವರೆಗೂ ಏರ್ಸೇ ಇಲ್ಲ," ಎಂದು ಒಂದೇ ಮಾತು ಹೇಳಿದ. ಆ ದಿನ ಅವನಿಗಾದಷ್ಟು ನೋವು ಯಾರಿಗೂ ಆಗಿರಲಿಕ್ಕಿಲ್ಲ.

ಆಮೇಲೆ ಮನೆಯಲ್ಲಿ ಒಂದು ವಿಚಿತ್ರ ಮುಜುಗರ ಹಬ್ಬಿತು. ಹೆಸ್ಟ್‌ವಿಕ್‌ನಲ್ಲಿ ಬದುಕಿರುವವರನ್ನು ಹೊಗಳುವುದಿಲ್ಲ. ಹೊಗಳಿಕೆ ಸತ್ತವರ ಸೊತ್ತು.

"ಏನೇನು ಹೇಳಿದ್ರಿ ನನ್ನ ಬಗ್ಗೆ?" ಎಂದು ಗುನ್ವೋರ್ ಕೇಳಿದಳು.

"ಏನಿಲ್ಲಪ್ಪ," ಎಂದಳು ಮಗ್ಡಾ. "ಸುಮ್ನೆ ಹೀಗೇ. ಹೇಳಿದ್ದರಲ್ಲಿ ಅರ್ಧ ಸುಳ್ಳು."

"ಆ ಅಣಕದ ವಿಷಯ ನಂಗೆ ಯಾವತ್ತೂ ಇಷ್ಟ ಆಗಿರ್ಲಿಲ್ಲ," ಎಂದಳು ಮುದುಕಿ.

ಪಾದ್ರಿ ಕೇಕಿನ ಕೊನೆಯ ತುಂಡನ್ನು ಬಾಯಿಗೆ ತುಂಬಿಕೊಂಡು ಮಾತಾಡದಿರಲು ಕಾರಣ ಮಾಡಿಕೊಂಡ. ಒಬ್ಬೊಬ್ಬರಾಗಿ ತಮ್ಮ ತಮ್ಮ ಬೂಟು ಹುಡುಕಿಕೊಂಡು, ಉಳಿದ ಕೇಕುಗಳನ್ನು ಎತ್ತಿಕೊಂಡು ಹೊರಟರು. ಹುಟ್ಟುಹಬ್ಬದ ಶುಭಾಶಯ ಹೇಳಲು ಯಾರಿಗೂ ನೆನಪಾಗಲಿಲ್ಲ.

ಇಬ್ಬರೇ ಉಳಿದರು. ಗುನ್ವೋರ್ ಕೂತಳು, ಕೋಟು ಬಿಚ್ಚಲಿಲ್ಲ.

"ನೀನು ಅಳ್ತಿದ್ದೆ," ಎಂದಳು ಮೆತ್ತಗೆ. "ನಾನ್ ಬಂದಾಗ."

"ಹೂಂ."

"ಏನ್ ಹೇಳಿದ್ರು ಅವ್ರೆಲ್ಲ?"

ಹಿಲ್ಮಾರ್ ಒಂದನ್ನೂ ಬಿಡದೆ ಹೇಳಿದ. ಪೆಡರ್‌ನ ಮೆಟ್ಟಿಲು, ಗುಡ್ಡದ ಸೂರ್ಯ, ಅಣಕ, ನಿಂಬೆಮರ. ಒಂದೊಂದು ಚೂರನ್ನೂ ಅವನು ಜೋಪಾನವಾಗಿ ಇಟ್ಟುಕೊಂಡಿದ್ದ. ಗುನ್ವೋರಳ ಮುಖ ಸಡಿಲವಾಗುತ್ತ ಬಂತು. ಕೋಟಿನ ಮೇಲಿನ ಗುಂಡಿ ಬಿಚ್ಚಿದಳು. ಅವನು ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಒಳ್ಳೆಯದನ್ನು ಹೇಳುವ ಹುಮ್ಮಸ್ಸು ಅವನಿಗೆ ಹೊಸದು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ.

"ಕೇಳ್ತಾ ಕೇಳ್ತಾ ನಂಗೆ ಎಷ್ಟು ಹೊಟ್ಟೆಕಿಚ್ಚಾಯ್ತು ಗೊತ್ತಾ?" ಎಂದ. "ಇಂಥ ಹೆಂಡ್ತಿ ಸಿಕ್ಕಿರೋ ಪುಣ್ಯವಂತ ಯಾವನಪ್ಪ ಅಂತ."

ಗುನ್ವೋರಳ ಕೈ ಎರಡನೇ ಗುಂಡಿಯ ಮೇಲೆ ನಿಂತಿತು.

"ಅಂದ್ರೆ? ನಾನು ಅಂತ ಗೊತ್ತಿರ್ಲಿಲ್ವಾ ನಿಂಗೆ?"

"ಪಾದ್ರಿ ಹೆಸರು ಹೇಳೋವರೆಗೂ ಇಲ್ಲ. ಮೊದ್ಲು ಎಡ್ಲಾ ಅಂದ್ಕೊಂಡೆ."

"ಇಷ್ಟೆಲ್ಲ ಕೇಳಿದ್ಮೇಲೂ?"

"ಗುಡ್ಡದ ವಿಷಯ ನಂಗೇನು ಗೊತ್ತು? ಊರಿಗೆಲ್ಲ ಹೇಳಿದೀಯ, ನಂಗೆ ಮಾತ್ರ ಹೇಳಿಲ್ಲ."

"ಮೊದ್ಲು ನಿಂಗೇ ಹೇಳಿದ್ದು ಹಿಲ್ಮಾರ್," ಎಂದಳು ಗುನ್ವೋರ್. ಸಿಟ್ಟಿನಿಂದಲ್ಲ. "ಈ ಬಾಗಿಲಲ್ಲೇ ನಿಂತು ಹೇಳ್ದೆ. 'ಬಾಗಿಲು ಹಾಕು, ಗಾಳಿ' ಅಂದೆ ನೀನು."

ಅವಳು ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡಳು. ಭಾವ ಬಂದರಿನಲ್ಲಿ ದೋಣಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹಿಲ್ಮಾರ್ ಕರಿ ಸೂಟಿನಲ್ಲೇ ಹಿಂದೆ ಹಿಂದೆ ಹೋದ. ದಾರಿಯಲ್ಲಿ ಅವನಿಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ. ಊರಿನ ರೂಢಿಯಲ್ಲಿ ಇಲ್ಲದ ಮಾತು ಎಲ್ಲಿಂದ ಹೊಳೆಯಬೇಕು? ದೋಣಿಯ ಹತ್ತಿರ ಬಂದಾಗ ಕೇಳಿದ:

"ಸೋಮವಾರ ನಾನು ಆ ಕಡೆ ಬರ್ಲಾ?"

"ಸೋಮವಾರ ನಾನಿರಲ್ಲ. ಸಂಜೆ ಹಾಡೋಕೆ ಹೋಗ್ಬೇಕು."

"ಹಾಡೋಕಾ? ಎಲ್ಲಿ?"

"ಇಲ್ಲೇ. ನಮ್ಮ ಚರ್ಚಲ್ಲಿ. ಮೇಳದಲ್ಲಿ ಹಾಡ್ತೀನಿ." ಅವಳು ದೋಣಿಗೆ ಕಾಲಿಟ್ಟಳು. "ಪ್ರತಿ ಸೋಮವಾರ ನಾನು ಎಲ್ಲಿಗೆ ಹೋಗ್ತೀನಿ ಅಂದ್ಕೊಂಡಿದ್ದೆ?"

ಹಿಲ್ಮಾರ್ ಯೋಚಿಸಿದ. ಎಲ್ಲಿಗೂ ಅಂದುಕೊಂಡಿರಲಿಲ್ಲ.

"ಕೇಳೋಕೆ ಬರಬಹುದಾ?"

ಗುನ್ವೋರ್ ಅವನನ್ನು ನೋಡಿದಳು. "ಚರ್ಚು ಎಲ್ರಿಗೂ ತೆರೆದಿರತ್ತೆ," ಎಂದಳು. "ನನಗೋಸ್ಕರ ಕಾಯ್ಬೇಡ. ಅವತ್ತು ಮಗ್ಡಾ ಮನೇಲಿ ಮಲಗ್ತೀನಿ."

ಸೋಮವಾರ ಹಿಲ್ಮಾರ್ ಎಲ್ಲರಿಗಿಂತ ಮೊದಲು ಹೋಗಿ ಕೊನೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ ಕೂತ. ಹಾಡುವವರು ದಪ್ಪ ಕೋಟುಗಳಲ್ಲಿ ಅಭ್ಯಾಸಕ್ಕೆ ಬಂದು, ಬಲಿಪೀಠದ ಕಡೆ ಮುಖ, ಅವನ ಕಡೆ ಬೆನ್ನು ಮಾಡಿ ನಿಂತರು. ಹಾಡು ಶುರುವಾಯಿತು. ಹಿಲ್ಮಾರ್ ಕೈಗವುಸು ತೆಗೆದು ತೊಡೆಯ ಮೇಲಿಟ್ಟು, ಮುಂದಕ್ಕೆ ಬಾಗಿ, ಕಣ್ಣು ಮುಚ್ಚಿ, ಅಷ್ಟು ದನಿಗಳ ನಡುವೆ ಹೆಂಡತಿಯ ದನಿ ಯಾವುದೆಂದು ಹುಡುಕಿದ. ಒಂದು ಸಲ ಇದೇ ಎನಿಸಿತು. ತಲೆಯೆತ್ತಿ ನೋಡಿದರೆ ಅದು ಎಡ್ಲಾಳ ದಪ್ಪ ಬೆನ್ನಿನ ಕಡೆಯಿಂದ ಬರುತ್ತಿತ್ತು. ಮತ್ತೆ ಕಣ್ಣು ಮುಚ್ಚಿದ. ಕೊನೆಯ ಹಾಡು ಮುಗಿದು, ಅವರು ಪುಸ್ತಕ ಮಡಚಿ, ದೀಪಗಳನ್ನು ಆರಿಸುವವರೆಗೂ ಕೂತು ಕೇಳಿದ. ಅವಳ ದನಿ ಯಾವುದೆಂದು ಅವನಿಗೆ ಗೊತ್ತಾಗಲಿಲ್ಲ.